ಬ್ರಿಟನ್ನಿನ ಹಾಸ್ಯಮಯ ಬೇಟೆ-ಸವಾರಿ ಚಿತ್ರಗಳು

ಕುದುರೆ ಸವಾರಿಯನ್ನೂ ನರಿಬೇಟೆಯನ್ನೂ ನಗೆಗಣ್ಣಿನಿಂದ ನೋಡಿ ಬರೆದ ಚಿತ್ರಗಳ ಒಂದು ಬ್ರಿಟಿಷ್ ಪರಂಪರೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಹಾಳೆಯ ಮುದ್ರಣಗಳಾಗಿ ಇದು ಕಾಣಿಸಿಕೊಂಡಿತು. 19ನೆಯ ಶತಮಾನದಲ್ಲಿ ಕಾದಂಬರಿ, ವಾರಪತ್ರಿಕೆಗಳ ಪುಟಗಳಿಗೆ ಹಬ್ಬಿತು. 20ನೆಯ ಶತಮಾನದಲ್ಲಿ ದುಂಡು ಪೋನಿಗಳ ಮೇಲೆ ಕೂತ ಪುಟ್ಟ ಹುಡುಗಿಯರ ಕೈಗೆ ಬಂತು. ಜಾರ್ಜ್ ಸ್ಟಬ್ಸ್‌ನಂಥವರ ಗಂಭೀರ ಅಶ್ವಚಿತ್ರಗಳು ಶ್ರೀಮಂತರ ಹಜಾರಗಳಲ್ಲಿ ತೈಲವರ್ಣದಲ್ಲಿ ತೂಗಿದರೆ, ಈ ಚಿತ್ರಗಳು ಹೆಚ್ಚಾಗಿ ಕಾಗದದ ಮೇಲೆ ಅಚ್ಚಾಗಿ ಹೋಟೆಲು, ಕ್ಲಬ್ಬು, ಲಾಯದ ಪಕ್ಕದ ಕೋಣೆ, ಪಾದ್ರಿಯ ಮನೆಯ ಓಣಿಗೋಡೆಗಳಲ್ಲಿ ನೆಲೆಸಿದವು.

ಇವುಗಳಲ್ಲಿ ನಗೆಗೀಡಾಗುವವನು ಸವಾರ, ಕುದುರೆಯಲ್ಲ. ಸವಾರನ ಮೂಗು, ಹೊಟ್ಟೆ, ಟೋಪಿ, ಕಾಲುಗಳನ್ನು ಕಲಾವಿದ ಹೇಗೆ ಬೇಕಾದರೂ ಹಿಗ್ಗಿಸಿ ಕುಗ್ಗಿಸುತ್ತಾನೆ. ಕುದುರೆಯ ಮೊಣಕಾಲು, ಕಿವಿಯ ತಿರುವು, ಹಿಂಗಾಲು ನೆಲಕ್ಕೂರುವ ರೀತಿ ಮಾತ್ರ ಸರಿಯಾಗಿಯೇ ಇರಬೇಕು. ಕೊಳ್ಳುವವರೆಲ್ಲ ಸ್ವತಃ ಸವಾರರು. ಕುದುರೆಯ ಅಂಗ ತಪ್ಪಿದರೆ ಅವರು ಚಿತ್ರ ನೋಡಿ ನಗುವುದಿಲ್ಲ, ಚಿತ್ರಕಾರನನ್ನು ನೋಡಿ ನಗುತ್ತಾರೆ. ಈ ಕಟ್ಟುಪಾಡಿನ ಫಲವಾಗಿ, ಅದೇ ಕಾಲದ ಎಷ್ಟೋ ಗಂಭೀರ ಅಶ್ವಚಿತ್ರಗಳಿಗಿಂತ ಈ ನಗೆಚಿತ್ರಗಳ ಕುದುರೆಗಳೇ ಹೆಚ್ಚು ಜೀವಂತವಾಗಿವೆ. ಗಂಭೀರ ಚಿತ್ರದ ಕುದುರೆ ಮಾಲೀಕನ ಆಸ್ತಿಯಾಗಿ ನಿಂತಿರುತ್ತದೆ. ನಗೆಚಿತ್ರದ ಕುದುರೆಗೆ ಅದರದೇ ಅಭಿಪ್ರಾಯವಿದೆ.

ಹಿನ್ನೆಲೆ

ನರಿಬೇಟೆ ಇಂಗ್ಲೆಂಡಿಗೆ ಹಳೆಯದು, ಆದರೆ ವೇಗದ ಬೇಟೆ ಹೊಸದು. ಲೆಸ್ಟರ್‌ಷೈರಿನ ಕ್ವಾರ್ನ್ ತಂಡದ ನಾಯಕತ್ವವನ್ನು 1753ರಲ್ಲಿ ಎಳೆಯ ವಯಸ್ಸಿನಲ್ಲೇ ವಹಿಸಿಕೊಂಡ ಹ್ಯೂಗೊ ಮೆಯ್ನೆಲ್, ವಾಸನೆ ಹಿಡಿಯುವುದರಲ್ಲಿ ಚುರುಕಾಗಿಯೂ ಓಟದಲ್ಲಿ ಬಿರುಸಾಗಿಯೂ ಇರುವ ನಾಯಿಗಳ ತಳಿಯನ್ನು ಬೆಳೆಸಿದ. ಇದೇ ಕಾಲಕ್ಕೆ ಪಾರ್ಲಿಮೆಂಟಿನ ಕಾಯಿದೆಗಳಿಂದ ಊರೊಟ್ಟಿನ ಬಯಲು ಹೊಲಗಳು ಖಾಸಗಿ ಹುಲ್ಲುಗಾವಲುಗಳಾಗಿ ಒಡೆದು ಹೋಗುತ್ತಿದ್ದವು. ಗಾವಲಿಗೊಂದು ಮುಳ್ಳುಬೇಲಿ, ಬೇಲಿಯ ಪಕ್ಕ ಒಂದು ಕಾಲುವೆ, ದನ ದಾಟದಂತೆ ಅದರಾಚೆಗೆ ಮರದ ಅಡ್ಡಪಟ್ಟಿ. ನಾಯಿಗಳು ಸಂದಿಯಲ್ಲಿ ನುಸುಳಿ ಹೋಗುತ್ತವೆ. ಹಿಂದೆ ಬರುವ ಸವಾರ ಹಾರಬೇಕು. 1780ರ ಸುಮಾರಿಗೆ ವಿಲಿಯಂ ಚೈಲ್ಡ್ ಎಂಬ ಜಮೀನ್ದಾರ ಓಟದ ವೇಗ ತಗ್ಗಿಸದೆ ಬೇಲಿ ಹಾರುವ ಪದ್ಧತಿಯನ್ನು ಈ ಸೀಮೆಗೆ ತಂದನೆಂದು ಹೇಳುತ್ತಾರೆ. ಹಾರುವುದು ಬಂದ ಮೇಲೆ ಬೀಳುವುದೂ ಬಂತು. ಹಾಸ್ಯಚಿತ್ರಗಳ ಮುಕ್ಕಾಲು ಪಾಲು ಬಂಡವಾಳ ಈ ಬೀಳುವಿಕೆಯೇ.

ಆಗಿನ ಸವಾರಿಯ ಭಂಗಿಯೂ ಚಿತ್ರಕಾರರಿಗೆ ಒದಗಿ ಬಂತು. ಉದ್ದ ರಿಕಾಪು, ಮುಂದಕ್ಕೆ ಚಾಚಿದ ಕಾಲು, ಬೇಲಿ ದಾಟಿ ಇಳಿಯುವಾಗ ಬೆನ್ನು ಹಿಂದಕ್ಕೆ ವಾಲಿಸಿ ಲಗಾಮಿಗೆ ಜೋತುಬೀಳುವುದು: ಇದೇ ಸರಿಯಾದ ಕ್ರಮವೆಂದು ಎಲ್ಲರೂ ನಂಬಿದ್ದರು. ಕುದುರೆಯ ಜೊತೆಗೆ ಮುಂದಕ್ಕೆ ಬಾಗಿ ಹಾರುವ ಕ್ರಮವನ್ನು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಪ್ರಿಲ್ಲಿ ರೂಪಿಸಿದ್ದು 19ನೆಯ ಶತಮಾನದ ಕೊನೆಯಲ್ಲಿ. ಹಳೆಯ ಚಿತ್ರಗಳಲ್ಲಿ ಸವಾರರು ಕುದುರೆಯ ಬೆನ್ನ ಮೇಲೆ ಮಲಗಿದಂತೆ ಕಾಣುವುದು ಎಲ್ಲ ಸಲವೂ ಉತ್ಪ್ರೇಕ್ಷೆಯಲ್ಲ. ಅವರು ಹಾಗೆಯೇ ಹಾರುತ್ತಿದ್ದರು.

ಮತ್ತೊಂದು ಸಂಗತಿ ಸಾಮಾಜಿಕವಾದದ್ದು. 1831ರವರೆಗೆ ಮೊಲ, ಕೌಜುಗಗಳಂಥ ಪ್ರಾಣಿಪಕ್ಷಿಗಳ ಬೇಟೆಗೆ ಇಂತಿಷ್ಟು ಭೂಮಿ ಇರಲೇಬೇಕೆಂಬ ಕಾನೂನಿತ್ತು. ಕೋಳಿ ಕದಿಯುವ ನರಿ ಪೀಡೆಯ ಲೆಕ್ಕದಲ್ಲಿತ್ತೇ ಹೊರತು ಆ ಕಾನೂನಿನ ಕಕ್ಷೆಯಲ್ಲಿರಲಿಲ್ಲ. ಹೀಗಾಗಿ ಕುದುರೆಯೊಂದಿದ್ದವನು ಬೇಟೆಮೈದಾನಕ್ಕೆ ಬರಬಹುದಾಗಿತ್ತು: ಡ್ಯೂಕ್, ರೈತ, ಪಾದ್ರಿ, ವೈದ್ಯ, ಲಂಡನ್ನಿನ ದಿನಸಿ ವ್ಯಾಪಾರಿ. ಬೇರೆಲ್ಲಿಯೂ ಒಟ್ಟಿಗೆ ಸೇರದ ಜನ ಇಲ್ಲಿ ಒಂದೇ ಬೇಲಿಯ ಮುಂದೆ ನಿಲ್ಲುತ್ತಿದ್ದರು. ಯಾರು ಹಾರುತ್ತಾರೆ, ಯಾರು ಗೇಟು ಹುಡುಕುತ್ತಾರೆ, ಯಾರು ಕಾಲುವೆಯಲ್ಲಿ ಬೀಳುತ್ತಾರೆ ಎಂಬುದು ಅಂತಸ್ತಿನ ಪ್ರಶ್ನೆಯೂ ಆಯಿತು.

ಗ್ಯಾಂಬಾಡೊ ಮತ್ತು ಅವನ ಕಾಲ

ಹೆಂಗಸರು ಬೇಲಿ ಹಾರಿ ಗಂಡಸರು ಮಣ್ಣುಮುಕ್ಕುವ ತಲೆಕೆಳಗಿನ ಲೋಕವನ್ನು ಜಾನ್ ಕಾಲೆಟ್ (ಮರಣ 1780) ಮೊದಲೇ ಬರೆದಿದ್ದ. ಆದರೆ ಸವಾರಿಯ ಹಾಸ್ಯವನ್ನೇ ಒಂದು ಪ್ರಕಾರವಾಗಿ ನೆಲೆಗೊಳಿಸಿದ ಕೀರ್ತಿ ಹೆನ್ರಿ ವಿಲಿಯಂ ಬನ್‌ಬರಿಗೆ (1750-1811) ಸಲ್ಲಬೇಕು. ಸಫೋಕ್ ಸೀಮೆಯ ಜಮೀನ್ದಾರಿ ಮನೆತನದ ಹವ್ಯಾಸಿ ಚಿತ್ರಕಾರನಾದ ಈತನ ಮನೆಯಲ್ಲೇ ಕುದುರೆಯ ವಾತಾವರಣವಿತ್ತು: ಅಣ್ಣ ಸರ್ ಚಾರ್ಲ್ಸ್ ಬನ್‌ಬರಿಯ ಡಯೊಮೆಡ್ ಎಂಬ ಕುದುರೆ 1780ರ ಮೊತ್ತಮೊದಲ ಡರ್ಬಿ ಪಂದ್ಯವನ್ನು ಗೆದ್ದಿತ್ತು. 1787ರಲ್ಲಿ ಬನ್‌ಬರಿ 'ಆ್ಯನ್ ಅಕಾಡೆಮಿ ಫಾರ್ ಗ್ರೋನ್ ಹಾರ್ಸ್‌ಮೆನ್' ಎಂಬ ಸಚಿತ್ರ ಪುಸ್ತಕವನ್ನು ಜೆಫ್ರಿ ಗ್ಯಾಂಬಾಡೊ ಎಂಬ ಕಲ್ಪಿತ ಹೆಸರಿನಲ್ಲಿ ತಂದ. ವಯಸ್ಸಾದ ಮೇಲೆ ಸವಾರಿ ಕಲಿಯಲು ಹೊರಟವರಿಗೆ ಇದು ಪಠ್ಯವಂತೆ. ಗ್ಯಾಂಬಾಡೊ ಮಹಾಶಯನ ಹುದ್ದೆ ವೆನಿಸ್ ನಗರದ ದೊರೆಯ ಅಶ್ವಶಾಲೆಯ ಮುಖ್ಯಾಧಿಕಾರಿ. ಬೀದಿಗಳ ಜಾಗದಲ್ಲಿ ನೀರಿರುವ, ಓಡಾಟಕ್ಕೆ ದೋಣಿಯೇ ಗತಿಯಾದ ಊರಿನಲ್ಲಿ ಕುದುರೆ ಲಾಯದ ಅಧಿಪತಿ! ತಮಾಷೆಯೆಂದರೆ ಅದೇ 1787ರಲ್ಲಿ ಬನ್‌ಬರಿ ನಿಜವಾಗಿಯೂ ಯಾರ್ಕ್‌ನ ಡ್ಯೂಕನ ಬಳಿ ಅಶ್ವಾಧಿಕಾರಿಯ ಹುದ್ದೆಗೆ ನೇಮಕಗೊಂಡ.

ಪುಸ್ತಕದ ನಗೆ ಇರುವುದು ಬೋಧನೆಯ ಠೀವಿಯಲ್ಲಿ. ದಾರಿ ತಪ್ಪುವುದು ಹೇಗೆ, ಕುದುರೆ ಎಳೆದುಕೊಂಡು ಓಡುವಂತೆ ಮಾಡಿಕೊಳ್ಳುವುದು ಹೇಗೆ, ಇಳಿಜಾರಿನಲ್ಲಿ ಸೊಗಸಾಗಿ ಸಾಗುವುದು ಹೇಗೆ, ಹಿಮ ಹೆಪ್ಪುಗಟ್ಟಿದ ದಿನ ಎರಡೇ ಕಾಲಿನ ಮೇಲೆ ಪ್ರಯಾಣ ಮಾಡುವುದು ಹೇಗೆ ಎಂದು ಒಂದೊಂದು ಅನಾಹುತವೂ ಒಂದೊಂದು ಪಾಠದ ಶೀರ್ಷಿಕೆ ಹೊತ್ತು ಬರುತ್ತದೆ. ಚಿತ್ರದಲ್ಲಿರುವ ಸವಾರನ ಮುಖದಲ್ಲಿ ಗಾಬರಿಯಿಲ್ಲ. ಎಲ್ಲವೂ ತಾನು ಅಂದುಕೊಂಡಂತೆಯೇ ನಡೆಯುತ್ತಿದೆ ಎಂಬ ಗತ್ತು. ಅಡಿಬರಹ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸುವ ಈ ಉಪಾಯವನ್ನು ಮುಂದಿನ ನೂರೈವತ್ತು ವರ್ಷ ಯಾರೂ ಬಿಡಲಿಲ್ಲ. 1791ರಲ್ಲಿ 'ಆ್ಯನಲ್ಸ್ ಆಫ್ ಹಾರ್ಸ್‌ಮನ್‌ಶಿಪ್' ಎಂಬ ಎರಡನೆಯ ಭಾಗ ಬಂತು. ಬಳಿಕದ ಆವೃತ್ತಿಗಳಿಗೆ ಥಾಮಸ್ ರೋಲಂಡ್‌ಸನ್ ಹೊಸದಾಗಿ ತಾಮ್ರದಲ್ಲಿ ಕೊರೆದ.

ರೋಲಂಡ್‌ಸನ್ನನ (ಮರಣ 1827) ಗೆರೆ ಬನ್‌ಬರಿಯದಕ್ಕಿಂತ ಬಹಳ ಲವಲವಿಕೆಯದು. ಬೇಟೆಯ ಮುಂಜಾನೆಯ ಊಟ, ನಾಯಿಗಳ ಗದ್ದಲ, ರಾತ್ರಿಯ ಕುಡಿತ ಎಲ್ಲವನ್ನೂ ಈತ ಬರೆದಿದ್ದಾನೆ. ಆದರೆ ಜನಮನದಲ್ಲಿ ಉಳಿದದ್ದು ಬೇಟೆಗಾರನಲ್ಲ, ಬಡಕಲು ಕುದುರೆ ಗ್ರಿಜಲ್ ಏರಿ ರಮ್ಯದೃಶ್ಯಗಳನ್ನು ಅರಸಿ ಹೊರಟ ಶಾಲಾಮೇಷ್ಟ್ರು ಡಾಕ್ಟರ್ ಸಿಂಟ್ಯಾಕ್ಸ್. ವಿಲಿಯಂ ಕೂಂಬನ ಪದ್ಯದೊಂದಿಗೆ 1812ರಲ್ಲಿ ಪುಸ್ತಕವಾಗಿ ಬಂದ ಈ ಪ್ರವಾಸದಲ್ಲಿ ಮೇಷ್ಟ್ರು ದಾರಿ ತಪ್ಪುತ್ತಾನೆ, ಕಳ್ಳರ ಕೈಗೆ ಸಿಕ್ಕಿ ಮರಕ್ಕೆ ಕಟ್ಟಿಸಿಕೊಳ್ಳುತ್ತಾನೆ, ಗೂಳಿ ಅಟ್ಟಿಸಿಕೊಂಡು ಬರುತ್ತದೆ, ನೀರಿಗೆ ಬೀಳುತ್ತಾನೆ. ಜೇಮ್ಸ್ ಗಿಲ್‌ರೇ 1800ರಲ್ಲಿ ಹವ್ಯಾಸಿಯೊಬ್ಬನ ಕಲ್ಪನೆಯನ್ನು ಆಧರಿಸಿ ನರಿಬೇಟೆಯ ಒಂದು ಮಾಲೆಯನ್ನು ಕೊರೆದದ್ದುಂಟು. ರಾಜಕೀಯ ವ್ಯಂಗ್ಯದ ಆ ಮಹಾಪ್ರತಿಭೆಗೆ ಇದು ಬದಿಯ ಕೆಲಸ.

ಮುದ್ರಣದ ರೀತಿ

ಈ ಚಿತ್ರಗಳ ರುಚಿಯಲ್ಲಿ ತಂತ್ರದ ಪಾಲು ದೊಡ್ಡದು. ತಾಮ್ರದ ಹಾಳೆಯ ಮೇಲೆ ರಾಳದ ಪುಡಿ ಹರಡಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ನಡುವೆ ಮಾತ್ರ ಲೋಹ ಕೊರೆದುಹೋಗುತ್ತದೆ. ಅದರಿಂದ ಅಚ್ಚು ತೆಗೆದಾಗ ಶಾಯಿ ನೀರುಬಣ್ಣ ತೆಳುವಾಗಿ ಹರಿಸಿದಂತೆ ಮೂಡುತ್ತದೆ. ಇದು ಅಕ್ವಾಟಿಂಟ್. ನವೆಂಬರಿನಿಂದ ಚಳಿಗಾಲವಿಡೀ ನಡೆಯುವ ಬೇಟೆಯ ಮಬ್ಬು ಆಕಾಶ, ಒದ್ದೆ ಹೊಲಗಳಿಗೆ ಹೇಳಿ ಮಾಡಿಸಿದ ವಿಧಾನ. ಅಚ್ಚಾದ ಹಾಳೆಗಳಿಗೆ ಕೂಲಿಕೆಲಸಗಾರರು ಒಂದೊಂದಾಗಿ ಕೈಯಿಂದ ಬಣ್ಣ ತುಂಬುತ್ತಿದ್ದರು. ಬೂದು-ಹಸಿರಿನ ನಡುವೆ ಬೇಟೆಗಾರರ ಕಡುಗೆಂಪು ಕೋಟುಗಳು ದೂರದಿಂದಲೇ ಕಣ್ಣು ಸೆಳೆಯುತ್ತವೆ. ಕೆಂಪು ಕೋಟಿನವನು ಕೆಸರಿನಲ್ಲಿ ತಲೆಕೆಳಗಾಗಿದ್ದರೆ ಇನ್ನೂ ಬೇಗ. ಅಕರ್‌ಮನ್, ಫುಲ್ಲರ್, ಮೆಕ್‌ಲೀನ್ ಮೊದಲಾದ ಲಂಡನ್ ಪ್ರಕಾಶಕರು ಇಂಥ ಹಾಳೆಗಳನ್ನು ನಾಲ್ಕು, ಆರರ ಕಟ್ಟುಗಳಲ್ಲಿ ಮಾರುತ್ತಿದ್ದರು.

ನಾಲ್ಕರ ಕಟ್ಟಿಗೂ ಒಂದು ಕಾರಣವಿದೆ. ಗಂಭೀರ ಬೇಟೆಚಿತ್ರದ ಕಥನ ಸಿದ್ಧವಾಗಿತ್ತು: ಎಲ್ಲರೂ ಸೇರುವುದು, ನರಿ ಪೊದೆಯಿಂದ ಹೊರಬೀಳುವುದು, ನಾಯಿಗಳ ಪೂರ್ಣ ಓಟ, ಕೊನೆಗೆ ನರಿಯ ಸಾವು. ಹಾಸ್ಯಚಿತ್ರಕಾರರು ಈ ನಾಲ್ಕು ಮೆಟ್ಟಿಲನ್ನೇ ಇಟ್ಟುಕೊಂಡು ಒಂದೊಂದರಲ್ಲೂ ಏನೋ ಕೆಡುವಂತೆ ಮಾಡಿದರು. ಹೆಚ್ಚಿನವುಗಳಲ್ಲಿ ನರಿ ಕಣ್ಣಿಗೇ ಬೀಳುವುದಿಲ್ಲ.

ಹೆನ್ರಿ ಆಲ್ಕೆನ್

ಪ್ರಕಾರದ ಕೇಂದ್ರವ್ಯಕ್ತಿ ಹೆನ್ರಿ ಥಾಮಸ್ ಆಲ್ಕೆನ್ (1785-1851). ಲಂಡನ್ನಿನಲ್ಲಿ ಕಲಾವಿದರ ಮನೆತನದಲ್ಲಿ ಹುಟ್ಟಿದ ಈತ ಮೊದಮೊದಲು ಬೆನ್ ಟ್ಯಾಲಿಹೊ ಎಂಬ ಗುಪ್ತನಾಮದಲ್ಲಿ ನಗೆಚಿತ್ರ ಹೊರತಂದ. ನರಿ ಕಂಡಾಗ ಬೇಟೆಗಾರರು ಹಾಕುವ ಕೂಗೇ ಆ ಹೆಸರು. ಒಳ್ಳೆಯ ಕುದುರೆಗಳೂ ಅವಕ್ಕೆ ತಕ್ಕವರಲ್ಲದ ಸವಾರರೂ ಎಂಬುದು ಅವನ ಆರಂಭದ ಮಾಲೆಯೊಂದರ ವಸ್ತು. ಮುಂದೆ ತನ್ನದೇ ಹೆಸರಿನಲ್ಲಿ ಹಾಸ್ಯ, ಗಂಭೀರ ಎರಡನ್ನೂ ಸಮಾನವಾಗಿ ಮಾಡಿದ. 'ದಿ ನ್ಯಾಷನಲ್ ಸ್ಪೋರ್ಟ್ಸ್ ಆಫ್ ಗ್ರೇಟ್ ಬ್ರಿಟನ್' (1821) ಈಗಲೂ ಆ ಕಾಲದ ಆಟ-ಬೇಟೆಗಳ ದಾಖಲೆ. 'ಸಿಂಪ್ಟಮ್ಸ್ ಆಫ್ ಬೀಯಿಂಗ್ ಅಮೇಜ್ಡ್' (1822) ಶುದ್ಧ ತಮಾಷೆ.

ಆಲ್ಕೆನ್ನನ ಕುದುರೆಗಳಿಗೆ ಒಂದು ದೋಷವಿದೆ, ಅದು ಆ ಕಾಲದ ಎಲ್ಲರದೂ. ನಾಗಾಲೋಟದಲ್ಲಿ ಮುಂಗಾಲೆರಡೂ ಮುಂದಕ್ಕೆ, ಹಿಂಗಾಲೆರಡೂ ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತವೆ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲು ಕ್ಯಾಮೆರಾ ಇಟ್ಟು ತೆಗೆದ ಫೋಟೊಗಳು ಕುದುರೆ ಹಾಗೆ ಓಡುವುದಿಲ್ಲವೆಂದೂ ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿದಾಗಲೆಂದೂ ತೋರಿಸಿದವು. ಆದರೆ ಓಟ ಬಿಟ್ಟು ಬೇರೆ ಕಡೆ ನೋಡಿದರೆ ಆಲ್ಕೆನ್ ಎಷ್ಟು ಗಮನಿಸಿದ್ದಾನೆ ಎನ್ನುವುದು ತಿಳಿಯುತ್ತದೆ. ಬೇಲಿಯ ಮುಂದೆ ಮುಂಗಾಲು ನೆಟ್ಟು ಒಲ್ಲೆ ಎನ್ನುವ ಕುದುರೆ, ಜಾರಿ ಮಂಡಿಯೂರುವ ಕುದುರೆ, ಸವಾರನನ್ನು ಬಿಟ್ಟು ಹಗುರಾಗಿ ಓಡುವ ಕುದುರೆ: ಇವು ಕಣ್ಣಿಗೆ ಸಿಗುವಷ್ಟು ನಿಧಾನದ ಕ್ಷಣಗಳು, ಆತ ಒಂದನ್ನೂ ಬಿಟ್ಟಿಲ್ಲ.

ಅವನ ಅತ್ಯಂತ ಸೊಗಸಿನ ಮಾಲೆ 1839ರಲ್ಲಿ ಅಕರ್‌ಮನ್ ಪ್ರಕಟಿಸಿದ ನ್ಯಾಕ್ಟನ್ನಿನ ರಾತ್ರಿಸವಾರರ ನಾಲ್ಕು ಹಾಳೆಗಳು. ಇಪ್ಸ್‌ವಿಚ್‌ನ ಅಶ್ವದಳದ ಅಧಿಕಾರಿಗಳು ಊಟ-ಕುಡಿತದ ಬಳಿಕ ಪಂಥ ಕಟ್ಟಿ, ನಡುರಾತ್ರಿ ಹೊಲ ಬೇಲಿ ಹಾರುತ್ತ ನ್ಯಾಕ್ಟನ್ ಹಳ್ಳಿಯ ಚರ್ಚಿನವರೆಗೆ ಓಡಿದರೆಂಬುದು ಕಥೆ. ನಡೆದದ್ದೋ ಕಟ್ಟಿದ್ದೋ, ಚಿತ್ರಗಳು ಅದನ್ನು ನಂಬಿಸುತ್ತವೆ. ಬೆಳದಿಂಗಳಿನ ನೀಲಿ-ಬೂದು. ಸಮವಸ್ತ್ರದ ಮೇಲೆ ಬಿಳಿಯ ರಾತ್ರಿಯಂಗಿ, ತಲೆಗೆ ಮಲಗುವ ಟೊಪ್ಪಿಗೆ ತೊಟ್ಟ ಸವಾರರು. ಅಂಗಿಗಳು ಗಾಳಿಗೆ ಉಬ್ಬಿ ದೆವ್ವಗಳ ದಂಡು ಬೇಲಿ ಹಾರಿದಂತೆ. ಕೊನೆಯ ಹಾಳೆಯಲ್ಲಿ ಚರ್ಚಿನ ಬಳಿ ಗುರಿ ಮುಟ್ಟುವ ಹೊತ್ತಿಗೆ ಹಳ್ಳಿ ನಿದ್ದೆಗೆಟ್ಟಿದೆ. ಬೆಳಕಿನ ಇಂಥ ಹದ ಅವನ ಬೇರೆ ಕೆಲಸಗಳಲ್ಲಿ ಅಪರೂಪ, ಮತ್ತು ಇಲ್ಲಿ ಯಾರನ್ನೂ ಹೀಯಾಳಿಸುವ ಗೊಡವೆಯಿಲ್ಲ. ಈ ಹಾಳೆಗಳಿಗೆ ಬಿದ್ದಷ್ಟು ಮರುಮುದ್ರಣ, ನಕಲುಗಳು ಬೇಟೆಚಿತ್ರಗಳಲ್ಲಿ ಹೆಚ್ಚಿನವಕ್ಕೆ ಬಿದ್ದಿಲ್ಲ.

ಶ್ರಾಪ್‌ಷೈರಿನ ಜಮೀನ್ದಾರ ಜಾನ್ ಮಿಟನ್ನನ (1796-1834) ಬಾಳಿನ ಬಗ್ಗೆ ಆಲ್ಕೆನ್ ಚಿತ್ರ ಬರೆದ ಪುಸ್ತಕ ಬೇರೆಯದೇ ಜಾತಿಯದು. ನಿಮ್‌ರಾಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಚಾರ್ಲ್ಸ್ ಜೇಮ್ಸ್ ಆ್ಯಪರ್ಲಿ ಇದರ ಲೇಖಕ. ಚಿತ್ರಗಳಲ್ಲಿ ರಾಲಿನ್ಸ್ ಎಂಬುವನ ಸಹಕಾರವಿತ್ತು. ಮಿಟನ್ ಪೂರ್ಣ ಬೇಟೆಯುಡುಪಿನಲ್ಲಿ ಕರಡಿಯೊಂದನ್ನು ಏರಿ ಅತಿಥಿಗಳಿದ್ದ ಕೋಣೆಗೆ ನುಗ್ಗಿದ. ಬಿಕ್ಕಳಿಕೆ ನಿಲ್ಲಿಸಲೆಂದು ತೊಟ್ಟ ಅಂಗಿಗೇ ಬೆಂಕಿ ಹಚ್ಚಿಕೊಂಡ. ಆಲ್ಕೆನ್ ಎರಡನ್ನೂ ಚಿತ್ರಿಸಿದ್ದಾನೆ. ಕರಡಿಯ ಚಿತ್ರ ನಗಿಸುತ್ತದೆ, ಉರಿಯುವ ಅಂಗಿಯದು ನಗಿಸುವುದಿಲ್ಲ. ಮಿಟನ್ ಸಾಲಗಾರನಾಗಿ ಲಂಡನ್ನಿನ ಸೆರೆಮನೆಯಲ್ಲಿ 38ರ ವಯಸ್ಸಿನೊಳಗೆ ತೀರಿಕೊಂಡ. ಆಲ್ಕೆನ್ನನ ಕೊನೆಗಾಲವೂ ಬಡತನದ್ದೇ.

ಪೇಟೆಯ ಬೇಟೆಗಾರ

ಲಂಡನ್ನಿನ ವ್ಯಾಪಾರಿ ಭಾನುವಾರದ ಬಟ್ಟೆ ತೊಟ್ಟು ಬಾಡಿಗೆ ಕುದುರೆ ಏರಿ ಬೇಟೆಗೆ ಹೊರಡುವುದು 19ನೆಯ ಶತಮಾನದ ಮೊದಲರ್ಧದ ಅಚ್ಚುಮೆಚ್ಚಿನ ಗೇಲಿ. ಈಸ್ಟರ್ ಸೋಮವಾರದಂದು ಎಪ್ಪಿಂಗ್ ಕಾಡಿನಲ್ಲಿ ಗಾಡಿಯಲ್ಲಿ ತಂದು ಬಿಟ್ಟ ಜಿಂಕೆಯ ಬೆನ್ನು ಹತ್ತಿ ಪೇಟೆಯ ಜನ ಮುಗಿಬೀಳುತ್ತಿದ್ದದ್ದು ಜಾತ್ರೆಗೆ ಸಮನಾದ ನೋಟ. ಇದನ್ನು ಕುರಿತ ಥಾಮಸ್ ಹುಡ್‌ನ 1829ರ ಪದ್ಯಕಥೆಗೆ ಜಾರ್ಜ್ ಕ್ರೂಕ್‌ಶ್ಯಾಂಕ್ ಚಿತ್ರ ಬರೆದ. ಇದಕ್ಕೆಲ್ಲ ಮೂಲಪುರುಷ ಕೌಪರ್ ಕವಿಯ 1782ರ ಜಾನ್ ಗಿಲ್ಪಿನ್. ಮದುವೆಯ ವರ್ಷದ ಹಬ್ಬಕ್ಕೆಂದು ಕುದುರೆ ಹತ್ತಿ, ಇಳಿಯಲಾಗದೆ ಊರಾಚೆಗೆ ಓಡಿ, ಬಂದ ದಾರಿಯಲ್ಲೇ ಮರಳುವ ಬಟ್ಟೆ ವ್ಯಾಪಾರಿ ಅವನು.

ರಾಬರ್ಟ್ ಸೀಮರ್ (1798-1836) ಈ ಗೇಲಿಯಲ್ಲೇ ಹೆಸರಾದವನು. ಕೈಲಾಗದ ಪೇಟೆ ಬೇಟೆಗಾರರ ಸಂಘವೊಂದರ ಚಿತ್ರಮಾಲೆಯನ್ನು ಅವನು ಯೋಚಿಸಿದ. ಅದಕ್ಕೆ ಬರಹ ಒದಗಿಸಲು ಪ್ರಕಾಶಕರಾದ ಚ್ಯಾಪ್‌ಮನ್ ಮತ್ತು ಹಾಲ್ ಒಬ್ಬ ಯುವ ಪತ್ರಕರ್ತನನ್ನು ಗೊತ್ತುಮಾಡಿದರು. ಆ ಯುವಕ ಚಾರ್ಲ್ಸ್ ಡಿಕನ್ಸ್. ತನಗೆ ಬೇಟೆಯ ಗಂಧವಿಲ್ಲ, ಬರಹಕ್ಕೆ ಚಿತ್ರ ಹೊಂದಲಿ, ಚಿತ್ರಕ್ಕೆ ಬರಹವಲ್ಲ ಎಂದು ಅವನು ಪಟ್ಟುಹಿಡಿದ. 'ಪಿಕ್‌ವಿಕ್ ಪೇಪರ್ಸ್' ಹುಟ್ಟಿದ್ದು ಹೀಗೆ. ಎರಡನೆಯ ಸಂಚಿಕೆ ಹೊರಬರುವ ಮೊದಲೇ, 1836ರ ಏಪ್ರಿಲಿನಲ್ಲಿ, ಸೀಮರ್ ಆತ್ಮಹತ್ಯೆ ಮಾಡಿಕೊಂಡ. ಅವನು ಬಿಟ್ಟುಹೋದ ಚಿತ್ರಗಳಲ್ಲಿ ಒಂದು, ಮೊಂಡು ಕುದುರೆಯನ್ನು ಸಮಾಧಾನಪಡಿಸಲು ಹೆಣಗುವ ವಿಂಕಲ್ ಮಹಾಶಯನದು. ಇಂಗ್ಲಿಷ್ ಕಾದಂಬರಿಯ ಒಂದು ದೊಡ್ಡ ಕವಲು ಬೇಟೆಯ ನಗೆಚಿತ್ರದ ಗುತ್ತಿಗೆಯಿಂದ ಒಡೆದದ್ದು ಸಾಹಿತ್ಯಚರಿತ್ರೆಯ ಅಡಿಟಿಪ್ಪಣಿಗಿಂತ ಹೆಚ್ಚಿನ ಸಂಗತಿ.

ಪೇಟೆಯವನನ್ನು ಬರೀ ಗೇಲಿಯ ವಸ್ತುವಾಗಿ ಬಿಡದೆ ಅವನಿಗೊಂದು ದೊಡ್ಡಸ್ತಿಕೆ ಕೊಟ್ಟವನು ರಾಬರ್ಟ್ ಸ್ಮಿತ್ ಸರ್ಟೀಸ್ (1805-1864). ಡರಂ ಸೀಮೆಯ ಜಮೀನ್ದಾರನಾದ ಈತ 1831ರಲ್ಲಿ 'ನ್ಯೂ ಸ್ಪೋರ್ಟಿಂಗ್ ಮ್ಯಾಗಜೀನ್' ಆರಂಭಿಸಿದವರಲ್ಲಿ ಒಬ್ಬ. ಅದರಲ್ಲೇ ಜಾರಕ್ಸ್ ಎಂಬ ದಢೂತಿ ದಿನಸಿ ವ್ಯಾಪಾರಿ ಅವತರಿಸಿದ. ಜಾರಕ್ಸನ ಭಾಷೆ ಹಳಸಲು, ಜಿಪುಣತನ ಅಪಾರ, ಕುದುರೆಗಳ ಹೆಸರು ಮಾತ್ರ ಪರ್ಷಿಯದ ಚಕ್ರವರ್ತಿಗಳದು. ಆದರೆ ಬೇಟೆಯ ಮೇಲೆ ಅವನಿಗಿರುವ ಪ್ರೀತಿ ಹುಸಿಯಲ್ಲ. 'ಹ್ಯಾಂಡ್ಲಿ ಕ್ರಾಸ್' (1843) ಕಾದಂಬರಿಯಲ್ಲಿ ಅವನೇ ಬೇಟೆತಂಡದ ಮಾಸ್ಟರ್ ಆಗುತ್ತಾನೆ. ಬೇಟೆಪತ್ರಕರ್ತ ನಿಮ್‌ರಾಡ್‌ನನ್ನು ಪಾಂಪೋನಿಯಸ್ ಈಗೊ ಎಂಬ ಹೆಸರಿನಲ್ಲಿ ಸರ್ಟೀಸ್ ಹುರಿದು ಮುಕ್ಕಿದ್ದೂ ಇದರಲ್ಲೇ. ಜಾರಕ್ಸನ ಮೊದಲ ಪುಸ್ತಕಕ್ಕೆ 1838ರಲ್ಲಿ ಫಿಜ್ ಎಂಬ ಕಲಾವಿದ ಚಿತ್ರ ಬರೆದಿದ್ದ, ಅದರ 1843ರ ಆವೃತ್ತಿಗೆ ಆಲ್ಕೆನ್ ಬರೆದ. ಎರಡೂ ಚೆನ್ನಾಗಿವೆ. ಆದರೆ ಸರ್ಟೀಸನಿಗೆ ತಕ್ಕ ಕೈ ಬೇರೆಯೇ ಇತ್ತು.

ಜಾನ್ ಲೀಚ್

ಸರ್ಟೀಸ್ ತನ್ನ ಹೊಸ ಕಾದಂಬರಿಗೆ ಚಿತ್ರ ಬರೆದುಕೊಡೆಂದು ಕಾದಂಬರಿಕಾರ ಥ್ಯಾಕರೆಯನ್ನು ಕೇಳಿದ. ತನಗೆ ಕುದುರೆ ಬರೆಯಲು ಬಾರದೆಂದು ಥ್ಯಾಕರೆ ತನ್ನ ಶಾಲಾಗೆಳೆಯ ಲೀಚ್‌ನತ್ತ ಬೆರಳು ತೋರಿದ. ಜಾನ್ ಲೀಚ್ (1817-1864) ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯು ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿ ಅರ್ಧಕ್ಕೆ ಬಿಟ್ಟವನು. ಅಲ್ಲಿ ಕಲಿತ ಅಂಗರಚನೆಯ ಪಾಠ ಕುದುರೆಯ ಮಾಂಸಖಂಡಗಳಿಗೂ ಸಂದಿತು. 1841ರಲ್ಲಿ ಹುಟ್ಟಿದ 'ಪಂಚ್' ವಾರಪತ್ರಿಕೆಯನ್ನು ಅದೇ ವರ್ಷ ಸೇರಿ ಸಾಯುವವರೆಗೆ ಸುಮಾರು 3,000 ಚಿತ್ರ ಬರೆದ. ಲಂಡನ್ನಿನ ಕೆಲಸದೊತ್ತಡದಿಂದ ಪಾರಾಗಲು ಹರ್ಟ್‌ಫರ್ಡ್‌ಷೈರಿನ ಪಕರಿಜ್ ತಂಡದೊಂದಿಗೆ ಬೇಟೆಗೆ ಹೋಗುತ್ತಿದ್ದ. ಗೆಳೆಯನಾದ ಚಿತ್ರಕಾರ ಮಿಲೇಗೂ ಈ ಹುಚ್ಚು ಹಿಡಿಸಿದ. ಬೇಲಿಯ ಮುಂದೆ ಹೊಟ್ಟೆಯಲ್ಲಾಗುವ ತಳಮಳ ಅವನಿಗೆ ಸ್ವಂತ ಅನುಭವ. ಲೀಚ್‌ನ ನಗೆಯಲ್ಲಿ ಆಲ್ಕೆನ್ನನಲ್ಲಿ ಇಲ್ಲದ ಒಂದು ಮಾರ್ದವ ಬಂದದ್ದು ಈ ಕಾರಣಕ್ಕೇ ಇರಬೇಕು.

ಪಂಚ್‌ನ ಚಿತ್ರಗಳು ತಾಮ್ರದವಲ್ಲ, ಮರದವು. ಬಾಕ್ಸ್ ಎಂಬ ಗಟ್ಟಿಮರದ ತುಂಡಿನ ಮೇಲೆ ಕಲಾವಿದ ಎಡಬಲ ಅದಲುಬದಲಾಗಿ ಬರೆದು ಕೊಟ್ಟರೆ, ಜೋಸೆಫ್ ಸ್ವೇನ್‌ನ ಕಾರ್ಖಾನೆಯ ಕೆಲಸಗಾರರು ಗೆರೆಯ ಆಚೀಚೆಯ ಮರವನ್ನು ಕೆತ್ತಿ ತೆಗೆಯುತ್ತಿದ್ದರು. ಅಕ್ಷರದ ಮೊಳೆಗಳ ಜೊತೆಗೇ ಅಚ್ಚಾಗುವುದರಿಂದ ಚಿತ್ರ ಅಗ್ಗವಾಯಿತು, ಬಣ್ಣ ಹೋಯಿತು, ಗೆರೆಗೆ ಬೆಲೆ ಬಂತು. 1849ರಿಂದ ಕಾಣಿಸಿಕೊಂಡ ಬ್ರಿಗ್ಸ್ ಮಹಾಶಯ ಈ ಗೆರೆಯ ಸೃಷ್ಟಿ. ಮನೆ, ಹೆಂಡತಿ, ಮಕ್ಕಳು, ತಕ್ಕಮಟ್ಟಿನ ಹಣವಿರುವ ಈ ಗೃಹಸ್ಥನಿಗೆ ನಡುವಯಸ್ಸಿನಲ್ಲಿ ಕುದುರೆ, ಬೇಟೆ, ಮೀನುಗಾರಿಕೆಗಳ ಹಂಬಲ. ಪ್ರತಿಸಲವೂ ಸೋಲುತ್ತಾನೆ, ಪ್ರತಿಸಲವೂ ಹಿಗ್ಗಿನಿಂದಲೇ ಮನೆಗೆ ಬರುತ್ತಾನೆ. ರೈಲು ಬಂದಿದ್ದರಿಂದ ಇಂಥವರಿಗೆ ಲಂಡನ್ನಿನಿಂದ ಕುದುರೆಯ ಸಮೇತ ಬೇಟೆಗೆ ಹೋಗಿಬರುವುದೂ ಸಾಧ್ಯವಾಗಿತ್ತು.

ಸರ್ಟೀಸನಿಗಾಗಿ ಬರೆದ 'ಮಿಸ್ಟರ್ ಸ್ಪಂಜಸ್ ಸ್ಪೋರ್ಟಿಂಗ್ ಟೂರ್' (1853) ಮತ್ತು 'ಹ್ಯಾಂಡ್ಲಿ ಕ್ರಾಸ್'ನ 1854ರ ಆವೃತ್ತಿಯ ಉಕ್ಕಿನ ಹಾಳೆಯ ಬಣ್ಣದ ಚಿತ್ರಗಳು ಈ ಪ್ರಕಾರದ ಶಿಖರ ಎನ್ನುವುದು ಈ ಲೇಖಕನ ಅಭಿಪ್ರಾಯ. ಸ್ಪಂಜ್ ಬಾಡಿಗೆಗೆ ತಂದ ಪೋಕರಿ ಕುದುರೆಗಳನ್ನು ಚೆಂದವಾಗಿ ಸವಾರಿ ಮಾಡಿ ತೋರಿಸಿ ಮಂದಿಯ ತಲೆಗೆ ಕಟ್ಟುವ ಚತುರ. ಅವನು ಬೀಳುವುದಿಲ್ಲ, ಇತರರನ್ನು ಬೀಳಿಸುತ್ತಾನೆ. ಸಭ್ಯರೆನಿಸಿಕೊಂಡವರ ದುರಾಸೆಯನ್ನು ಲೀಚ್ ಅವರ ಕುಳಿತ ಭಂಗಿಯಿಂದಲೇ ಬಯಲಿಗೆ ತರುತ್ತಾನೆ. 1862ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಅವನ ಪ್ರದರ್ಶನವೊಂದು ನಡೆಯಿತು. ಪಂಚ್‌ನ ಚಿತ್ರವನ್ನು ರಬ್ಬರ್ ಹಾಳೆಯ ಮೇಲೆ ಅಚ್ಚೊತ್ತಿ, ಹಾಳೆಯನ್ನು ನಾಲ್ಕೂ ಕಡೆ ಎಳೆದು ಹಿಗ್ಗಿಸಿ, ಹಿಗ್ಗಿದ ಗೆರೆಯನ್ನು ಕ್ಯಾನ್ವಾಸಿಗಿಳಿಸಿ, ಅದರ ಮೇಲೆ ಎಣ್ಣೆಬಣ್ಣ ಹಚ್ಚಿ ಇಟ್ಟಿದ್ದರು. ಜನ ಕಿಕ್ಕಿರಿದು ಬಂದರು. ಎರಡೇ ವರ್ಷಕ್ಕೆ, 47ರ ವಯಸ್ಸಿನಲ್ಲಿ ಲೀಚ್ ತೀರಿಕೊಂಡ. ಸರ್ಟೀಸನ ಕೊನೆಯ ಕಾದಂಬರಿಯ ಚಿತ್ರಗಳನ್ನು ಫಿಜ್ ಪೂರ್ತಿ ಮಾಡಬೇಕಾಯಿತು.

ಹೆಂಗಸರು ಮತ್ತು ಬೇಟೆಚಿತ್ರ

ಹೆಂಗಸರು ಎರಡೂ ಕಾಲನ್ನು ಒಂದೇ ಕಡೆ ಹಾಕಿ ಕೂರುವ ಜೀನಿಗೆ 1830ರ ದಶಕದಲ್ಲಿ ಎರಡನೆಯ ಕೊಂಬೊಂದು ಸೇರಿತು. ಎಡತೊಡೆಯನ್ನು ಅದರಡಿ ಒತ್ತಿ ಹಿಡಿದರೆ ಬೇಲಿ ಹಾರುವಾಗ ಆಸನ ಕದಲುವುದಿಲ್ಲ. ಇದಾದ ಮೇಲೆ ಬೇಟೆಗೆ ಬರುವ ಹೆಂಗಸರು ಹೆಚ್ಚಿದರು, ಕಾಲೆಟ್‌ನ ಕಾಲಕ್ಕೆ ಕೀಟಲೆಯಾಗಿದ್ದದ್ದು ಲೀಚ್‌ನ ಕಾಲಕ್ಕೆ ನಿತ್ಯದ ನೋಟವಾಯಿತು. ಬೆಡಗಿನ ಯುವತಿ ಸಲೀಸಾಗಿ ಹಾರಿಹೋಗಿ, ಹಿಂದೆ ಬಂದ ಮೀಸೆಯ ಕ್ಯಾಪ್ಟನ್ ಮುಳ್ಳಿನಲ್ಲಿ ಸಿಕ್ಕಿಬೀಳುವುದು ಲೀಚ್ ಮತ್ತೆ ಮತ್ತೆ ಬರೆದ ಪ್ರಸಂಗ.

ಅವನ ಪ್ರೋತ್ಸಾಹದಿಂದ ಬೆಳೆದ ಜಾರ್ಜಿನಾ ಬವರ್ಸ್ (1836-1912) ಸ್ವತಃ ಒಳ್ಳೆಯ ಸವಾರಿಣಿ. 1860ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಪಂಚ್‌ಗೆ ಬೇಟೆಯ ನಗೆಚಿತ್ರ ಬರೆದಳು. ಹೆಸರಾಂತ ಸೀಮೆಗಳಲ್ಲದ ಬಡ ಬೇಟೆತಂಡಗಳ ಗೋಳು, ಮುದಿ ಕುದುರೆ, ಸೋರುವ ಲಾಯ ಈಕೆಯ ವಸ್ತು. ಈಕೆಯ ಗೆರೆ ಲೀಚ್‌ನದರಷ್ಟು ಸುಲಲಿತವಲ್ಲ. ಕಂಡದ್ದು ಮಾತ್ರ ಒಳಗಿನವಳ ಕಣ್ಣಿಗೆ. ಐರ್ಲೆಂಡಿನ ಕಾರ್ಕ್ ಸೀಮೆಯ ಎಡಿತ್ ಸಾಮರ್ವಿಲ್ (1858-1949) ಸೋದರಸಂಬಂಧಿ ಮಾರ್ಟಿನ್ ರಾಸ್ ಜೊತೆಗೂಡಿ 1899ರಲ್ಲಿ 'ಸಮ್ ಎಕ್ಸ್‌ಪೀರಿಯನ್ಸಸ್ ಆಫ್ ಆ್ಯನ್ ಐರಿಷ್ ಆರ್.ಎಂ.' ಬರೆದು, ಚಿತ್ರಗಳನ್ನೂ ತಾನೇ ಮಾಡಿದಳು. 1903ರಲ್ಲಿ ವೆಸ್ಟ್ ಕಾರ್ಬರಿ ಬೇಟೆತಂಡದ ಮಾಸ್ಟರ್ ಆದಳು.

ಕ್ಯಾಲ್ಡಿಕಾಟ್ ನಂತರ

ರ್‍ಯಾಂಡಲ್ಫ್ ಕ್ಯಾಲ್ಡಿಕಾಟ್ (1846-1886) ಶ್ರಾಪ್‌ಷೈರಿನ ವಿಟ್‌ಚರ್ಚ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದಾಗಲೇ ಬೇಟೆಯ ರುಚಿ ಕಂಡವನು. ಎಡ್ಮಂಡ್ ಇವಾನ್ಸ್ ಬಣ್ಣದಲ್ಲಿ ಮುದ್ರಿಸಿದ ಅವನ ಮಕ್ಕಳ ಪುಸ್ತಕಗಳಲ್ಲಿ ಜಾನ್ ಗಿಲ್ಪಿನ್ (1878) ಮತ್ತು ಮೂವರು ಮೋಜಿನ ಬೇಟೆಗಾರರ ಪುಸ್ತಕ (1880) ನಮ್ಮ ವಿಷಯಕ್ಕೆ ಸೇರುತ್ತವೆ. ಮೂವರು ಠೊಣಪರು ಕೊಂಬೂದುತ್ತ ದಿನವಿಡೀ ಅಲೆದು ಬೆದರುಬೊಂಬೆ, ಸಾಣೆಕಲ್ಲು, ಹಂದಿ, ಶಾಲೆಬಿಟ್ಟ ಮಕ್ಕಳು, ಪ್ರೇಮಿಗಳನ್ನು ಕಾಣುತ್ತಾರೆ, ಬೇಟೆಯೊಂದನ್ನು ಬಿಟ್ಟು. ಗೆರೆ ಕಡಿಮೆ, ಖಾಲಿ ಜಾಗ ಹೆಚ್ಚು. ಅಮೆರಿಕದಲ್ಲಿ ಮಕ್ಕಳ ಸಚಿತ್ರ ಪುಸ್ತಕಕ್ಕೆ 1938ರಿಂದ ಕೊಡುತ್ತಿರುವ ಕ್ಯಾಲ್ಡಿಕಾಟ್ ಪದಕದ ಮೇಲಿರುವುದು ಕುದುರೆಗೆ ಜೋತುಬಿದ್ದ ಇದೇ ಗಿಲ್ಪಿನ್.

ಕ್ಯಾಲ್ಡಿಕಾಟ್‌ನ ದಾರಿಯಲ್ಲೇ ಸೆಸಿಲ್ ಆಲ್ಡಿನ್ (1870-1935) 1900ರ ಸುಮಾರಿಗೆ ಫ್ಯಾಲೋಫೀಲ್ಡ್ ಎಂಬ ಕಲ್ಪಿತ ಬೇಟೆತಂಡದ ಆರು ದೊಡ್ಡ ಹಾಳೆಗಳನ್ನು ತಂದ. ಇವು ಎಷ್ಟು ಜನಪ್ರಿಯವಾದವೆಂದರೆ ಇಂಗ್ಲೆಂಡಿನ ಹಳ್ಳಿ ಹೋಟೆಲಿನ ಒಳಾಂಗಣವೆಂದರೆ ಇಂಥದೇ ಚಿತ್ರಗಳ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಆಲ್ಡಿನ್ ಸೈನ್ಯಕ್ಕೆ ಕುದುರೆ ಕೊಳ್ಳುವ ಅಧಿಕಾರಿಯಾಗಿದ್ದು, ಅವುಗಳ ಆರೈಕೆಗೆ ಹೆಂಗಸರನ್ನು ನೇಮಿಸಿದ. ಸ್ನ್ಯಾಫಲ್ಸ್ ಎಂಬ ಹೆಸರಿನಲ್ಲಿ ಬರೆದ ಚಾರ್ಲ್ಸ್ ಜಾನ್ಸನ್ ಪೇನ್ (1884-1967) ಸವಾರನನ್ನೇ ಚಿತ್ರದಿಂದ ತೆಗೆದುಬಿಟ್ಟ: 'ದಿ ಫೈನೆಸ್ಟ್ ವ್ಯೂ ಇನ್ ಯೂರೋಪ್'ನಲ್ಲಿ ಕಾಣುವುದು ಕುದುರೆಯ ಎರಡು ಕಿವಿಗಳ ನಡುವಿನಿಂದ ತೆರೆಯುವ ಬೇಟೆಮೈದಾನ. ನೋಡುವವನೇ ಜೀನಿನ ಮೇಲಿದ್ದಾನೆ. ಈತ ಭಾರತಕ್ಕೂ ಬಂದು ಈಟಿಯಿಂದ ಕಾಡುಹಂದಿ ತಿವಿಯುವ ಸಾಹೇಬರ ಬೇಟೆಯನ್ನು ಚಿತ್ರಿಸಿದ. ನಮ್ಮ ಮೈಸೂರಿಗೆ ಹತ್ತಿರದ ಉದಕಮಂಡಲದಲ್ಲಿ ಬ್ರಿಟಿಷರು ಕೆಂಪು ಕೋಟು, ಬೇಟೆನಾಯಿಗಳ ಸಮೇತ ಇಂಗ್ಲೆಂಡಿನ ಕ್ರಮವನ್ನೇ ನಡೆಸುತ್ತಿದ್ದರು. ನರಿಯ ಪಾತ್ರ ಗುಳ್ಳೆನರಿಯದಾಗಿತ್ತು. ಪಂಚ್ ಪತ್ರಿಕೆಯ ಚಿತ್ರಗಳಂತೂ ಇಲ್ಲಿನ ಮನೆಗಳಿಗೂ ಬಂದವು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಓದಲು ಕಲಿಯುವ ಮುನ್ನವೇ ಪಂಚ್, ಸ್ಟ್ರ್ಯಾಂಡ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು.

ಥೆಲ್‌ವೆಲ್

ನಾರ್ಮನ್ ಥೆಲ್‌ವೆಲ್ (1923-2004) ಬರ್ಕನ್‌ಹೆಡ್‌ನ ಹುಡುಗ, ಜಮೀನ್ದಾರಿಯ ನೆರಳೂ ಸೋಕದವನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಬಂದು ದೆಹಲಿಯಲ್ಲಿ ಸೇನಾಪತ್ರಿಕೆಯೊಂದರ ಕಲಾಸಂಪಾದಕನಾಗಿದ್ದ. ಯುದ್ಧದ ನಂತರ ಲಿವರ್‌ಪೂಲಿನಲ್ಲಿ ಕಲೆ ಓದಿ, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮೇಷ್ಟ್ರಾದ. ಮನೆಯ ಪಕ್ಕದ ಗಾವಲಿನಲ್ಲಿ ಎರಡು ಪೋನಿ, ಹೆಸರು ಗುಡುಗು, ಮಿಂಚು ಎಂಬರ್ಥದವು, ನಂಬಲಾಗದ ಸಿಡುಕಿನವು. ಅವುಗಳ ಒಡತಿಯರು ಎರಡು ಗಿಡ್ಡ ಹುಡುಗಿಯರು. 1953ರಲ್ಲಿ ಪಂಚ್‌ನಲ್ಲಿ ಮೊದಲ ಪೋನಿ ಚಿತ್ರ ಬಂದಾಗ ಓದುಗರಿಂದ ಬಂದ ಪತ್ರಗಳನ್ನು ಕಂಡು ಸಂಪಾದಕರು ಇನ್ನಷ್ಟು ಕೇಳಿದರು. 'ಏಂಜಲ್ಸ್ ಆನ್ ಹಾರ್ಸ್‌ಬ್ಯಾಕ್' 1957ರಲ್ಲಿ ಪುಸ್ತಕವಾಯಿತು. ಪಂಚ್‌ಗೆ ಈತ ಬರೆದದ್ದು 1,500ಕ್ಕೂ ಹೆಚ್ಚು ಚಿತ್ರ.

ಥೆಲ್‌ವೆಲ್‌ನ ಪೋನಿ ಪೀಪಾಯಿಯಂತೆ ದುಂಡಗೆ, ಜೂಲು ಕಣ್ಣಿಗಿಳಿದು, ಕಾಲು ಮೋಟು. ಮೇಲಿರುವ ಹುಡುಗಿಯ ಕಾಲುಗಳು ಅದರ ಅಗಲಕ್ಕೆ ಬಾಗಲಾರದೆ ಎರಡೂ ಬದಿಗೆ ನೆಟ್ಟಗೆ ಚಾಚಿವೆ, ಟೋಪಿ ಮೂಗಿಗಿಳಿದಿದೆ. ಇಲ್ಲಿ ಕುದುರೆಯ ಆಕಾರವೇ ಉತ್ಪ್ರೇಕ್ಷೆಗೊಂಡಿತಲ್ಲ, ಪರಂಪರೆಯ ಕಟ್ಟಳೆ ಮುರಿಯಿತಲ್ಲ ಎನ್ನಬಹುದು. ಆಕಾರ ಮುರಿದರೂ ಸ್ವಭಾವ ಮುರಿದಿಲ್ಲ. ಹುಲ್ಲಿಗೆ ತಟ್ಟನೆ ತಲೆ ಬಗ್ಗಿಸಿ ಸವಾರಳನ್ನು ಕತ್ತಿನ ಮೇಲೆ ಜಾರಿಸುವುದು, ಜೀನು ಬಿಗಿಯುವಾಗ ಹೊಟ್ಟೆ ಉಬ್ಬಿಸುವುದು, ಹಿಡಿಯಲು ಬಂದರೆ ಒಂದು ಹೆಜ್ಜೆ ಮಾತ್ರ ದೂರ ಸರಿಯುವುದು: ಪೋನಿ ಸಾಕಿದವರೆಲ್ಲ ಬಲ್ಲ ವಿದ್ಯೆಗಳಿವು. ಬೋಧನೆಯ ಗತ್ತಿನ ಅಡಿಬರಹಗಳೋ ನೇರ ಗ್ಯಾಂಬಾಡೊನ ಮನೆಯವು. ಬದಲಾದದ್ದು ಸವಾರಿ ಮಾಡುವವರು. ಸೈನ್ಯ, ಸಾರಿಗೆಗಳಿಂದ ಕುದುರೆ ಮರೆಯಾದ ಮೇಲೆ ಬ್ರಿಟನ್ನಿನಲ್ಲಿ ಸವಾರಿ ಮಧ್ಯಮವರ್ಗದ ಹುಡುಗಿಯರ ಹವ್ಯಾಸವಾಗಿತ್ತು, ನಗೆ ಅವರ ಹಿಂದೆ ಹೋಯಿತು.

ನರಿಯ ಪ್ರಶ್ನೆ

ಇಷ್ಟೆಲ್ಲ ಚಿತ್ರಗಳಲ್ಲಿ ಬೇಟೆಯನ್ನೇ ಪ್ರಶ್ನಿಸಿದವು ಬೆರಳೆಣಿಕೆಯಷ್ಟು. ಜಾರಕ್ಸನನ್ನು ಕಂಡು ನಕ್ಕವರು ಅವನ ನಾಯಿಗಳ ಹಿಂದೆಯೇ ಓಡಿದರು. ಮೈದಾನದಲ್ಲಿ ಯಾರಿಗೆ ಜಾಗ, ಯಾರಿಗಿಲ್ಲ ಎಂಬುದಷ್ಟೇ ಈ ನಗೆಯ ಜಗಳ. ರೈತನ ತುಳಿದುಹೋದ ಬೆಳೆ ಲೀಚ್‌ನ ಒಂದೆರಡು ಚಿತ್ರಗಳ ಅಂಚಿನಲ್ಲಿ ಸುಳಿದರೆ ಹೆಚ್ಚು. ಕ್ರೂರ ಕ್ರೀಡೆಗಳ ವಿರುದ್ಧ 1924ರಲ್ಲಿ ಬ್ರಿಟನ್ನಿನಲ್ಲಿ ಸಂಘಟನೆ ಹುಟ್ಟಿತು. ನಾಯಿಗಳನ್ನು ಬಿಟ್ಟು ನರಿ ಕೊಲ್ಲುವುದನ್ನು ಸ್ಕಾಟ್ಲೆಂಡ್ 2002ರಲ್ಲಿಯೂ ಇಂಗ್ಲೆಂಡ್ ಮತ್ತು ವೇಲ್ಸ್ 2004ರ ಕಾಯಿದೆಯ ಮೂಲಕ 2005ರ ಫೆಬ್ರವರಿ 18ರಿಂದಲೂ ನಿಷೇಧಿಸಿದವು. ಇದರಿಂದ ಹಳೆಯ ಚಿತ್ರಗಳ ಮಾರಾಟವೇನೂ ನಿಲ್ಲಲಿಲ್ಲ.

ಸಂಗ್ರಹಗಳು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಮುದ್ರಣಚಿತ್ರ ವಿಭಾಗದಲ್ಲಿ ಬನ್‌ಬರಿ, ರೋಲಂಡ್‌ಸನ್, ಗಿಲ್‌ರೇಯವರ ಹಾಳೆಗಳು ಹೇರಳವಾಗಿವೆ. ಅಮೆರಿಕದ ಪಾಲ್ ಮೆಲನ್ ಜೀವಮಾನವಿಡೀ ಕೂಡಿಸಿದ ಬ್ರಿಟಿಷ್ ಬೇಟೆಚಿತ್ರಗಳ ದೊಡ್ಡ ಪಾಲು 1977ರಲ್ಲಿ ತೆರೆದ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್‌ನಲ್ಲಿದೆ. ಕುದುರೆ ಪಂದ್ಯದ ಊರಾದ ನ್ಯೂಮಾರ್ಕೆಟ್‌ನ ಪ್ಯಾಲೆಸ್ ಹೌಸ್‌ನಲ್ಲಿ ಕ್ರೀಡಾಕಲೆಗೇ ಮೀಸಲಾದ ಸಂಗ್ರಹಾಲಯ 2016ರಲ್ಲಿ ತೆರೆಯಿತು.

ಕೊಳ್ಳುವವರಿಗೆ ಆಲ್ಕೆನ್ ದೊಡ್ಡ ತಲೆನೋವು. ಅವನ ಮಗ ಸ್ಯಾಮ್ಯುಯಲ್ ಹೆನ್ರಿ ಗಾರ್ಡನ್ ಆಲ್ಕೆನ್ ಅಪ್ಪನ ಶೈಲಿಯಲ್ಲೇ, ಅಪ್ಪನ ಹೆಸರನ್ನೇ ಹೋಲುವ ರುಜುವಿನೊಂದಿಗೆ ದಶಕಗಟ್ಟಲೆ ಬರೆದ. ಮೂಲ ತಾಮ್ರದ ಹಾಳೆಗಳೂ ಕೈಯಿಂದ ಕೈಗೆ ದಾಟಿ, ಸವೆದು ತೆಳುವಾಗುವವರೆಗೆ ಮತ್ತೆ ಮತ್ತೆ ಅಚ್ಚಾದವು. ಆ ಕಾಲದ ವಾಟ್‌ಮನ್ ಕಾಗದದಲ್ಲಿ ತಯಾರಾದ ವರ್ಷ ನೀರಚ್ಚಾಗಿ ಇರುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಅಡಿಯಲ್ಲಿ ಛಾಪಿಸಿದ ಪ್ರಕಟಣೆಯ ವರ್ಷಕ್ಕಿಂತ ಕಾಗದದ ವರ್ಷ ಹತ್ತಾರು ವರ್ಷ ಈಚಿನದೆಂದು ಕಂಡರೆ, ಅದು ಮೊದಲ ಮುದ್ರಣವಲ್ಲ.